ಹಿಂದಿಯಲ್ಲಿ ಹೇಳದೆ ಬಿಟ್ಟ ಮಾತು

ಆ ಬ್ರಿಟಿಷ್ ಮುದುಕ ತನ್ನ ದೇಶದ ಸಿನಿಮಾಗಳಲ್ಲಿ ಮೂವತ್ತು ವರ್ಷ ಬಿದ್ದವನು. ಪೊಲೀಸನೋ ಪಾದ್ರಿಯೋ ಹೋಟೆಲ್ ಮಾಣಿಯೋ, ವೇಷ ಯಾವುದಾದರೂ ಕೊನೆಗೆ ಬಿದ್ದು ನಗಿಸುವುದೇ ಕೆಲಸ. ವಯಸ್ಸಾದ ಮೇಲೆ ನಿರ್ದೇಶಕನಾದ. ಮೊದಲ ಚಿತ್ರ ಓಡಿತು, ಎರಡನೆಯದು ಮಕಾಡೆ ಮಲಗಿತು. ಎಂಬತ್ತರ ದಶಕದ ಕೊನೆಗೆ ಮಸ್ಕತ್ತಿಗೆ ಬಂದು, ನಮ್ಮಂಥ ಕಟ್ಟಡ ಕಂಪನಿಗಳಿಗೆ ಸುರಕ್ಷತೆಯ ವಿಡಿಯೋ ಮಾಡಿಕೊಡುತ್ತಿದ್ದ. ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ನಾನು ಅವನ ದುಭಾಷಿ. ಅವನ ಇಂಗ್ಲಿಷನ್ನು ಕೆಲಸಗಾರರಿಗೆ ಹಿಂದಿಯಲ್ಲಿ ಹೇಳಬೇಕು. ಎರಡಕ್ಷರ ಇಂಗ್ಲಿಷ್ ಬರುತ್ತದೆಂದು ನನಗೂ ಕೊಬ್ಬು.

ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಏಳುತ್ತಿದ್ದ ಮನೆಯೊಂದರ ಮುಂದೆ ಚಿತ್ರೀಕರಣ. ಹಲಗೆಯಿಂದ ಜಾರಿ ಬೀಳುವವನ ಪಾತ್ರ ನನ್ನ ಅಕ್ಕನ ಗಂಡನಿಗೆ ಸಿಕ್ಕಿತು. ಭಾವ ಕಂಪನಿಯಲ್ಲಿ ಕಾರ್ಪೆಂಟರ್. ಊರಿನ ತುಳು ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡಿದವರು. ಮುದುಕ ಆಳೆತ್ತರದಿಂದ ಹಾಸಿಗೆಯ ಮೇಲೆ ಬಿದ್ದು ತೋರಿಸಿದ. ಭಾವ ಅವನಿಗಿಂತ ಚೆನ್ನಾಗಿ ಬಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುದುಕ ಮಾತ್ರ ನಗಲಿಲ್ಲ. "ಇವರಿಗೆ ಹೇಳು. ಒಂದು ಸಲ ನಾನು ನಿಜವಾಗಿ ಬಿದ್ದೆ, ಸೊಂಟ ಮುರಿಯಿತು. ಸೆಟ್ಟಿನವರು ನಟನೆ ಅಂದುಕೊಂಡು ನಗುತ್ತಲೇ ಇದ್ದರು. ನಾನು ನಟನೆ ಬಿಟ್ಟದ್ದು ಅದಕ್ಕೇ. ಯಾರೇ ಬೀಳಲಿ, ಮೊದಲು ಓಡಿಹೋಗಿ ನೋಡಿ, ಆಮೇಲೆ ನಗಿ ಅಂತ ಹೇಳು."

ಬಿಸಿಲು ನೆತ್ತಿ ಸುಡುತ್ತಿತ್ತು. ಊಟದ ಹೊತ್ತು ಮೀರಿತ್ತು. ಮುದುಕನ ಗೋಳು ಯಾರಿಗೆ ಬೇಕು? "ಸಾಬ್ ಖುಷ್ ಹೈ. ಚಲೋ, ಊಟಕ್ಕೆ ನಡೆಯಿರಿ" ಎಂದು ಹಿಂದಿಯಲ್ಲಿ ಮುಗಿಸಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುದುಕ ನನ್ನ ಬೆನ್ನು ತಟ್ಟಿದ.

ಅಲ್ಲಿಂದ ಭಾವನೇ ಸೈಟಿನ ಹೀರೋ. ದಿನಕ್ಕೊಮ್ಮೆಯಾದರೂ "ಅಯ್ಯಯ್ಯೋ" ಎಂದು ಮರಳಿನ ರಾಶಿಗೆ ಬಿದ್ದು ನಗಿಸುತ್ತಿದ್ದರು. ಕೆಲವು ತಿಂಗಳ ಮೇಲೆ, ಹಾಜರಿ ಪುಸ್ತಕ ತರಲು, ಭಾವ ಆಗ ಕೆಲಸಕ್ಕಿದ್ದ ದೂರದ ಇಬ್ರಿ ಊರಿನ ಸೈಟಿಗೆ ಹೋಗಿದ್ದೆ. ಚಹಾದ ಹೊತ್ತು. ಭಾವ ಅದೇ "ಅಯ್ಯಯ್ಯೋ" ಎನ್ನುತ್ತ ಹಲಗೆಯಿಂದ ಮರಳಿನ ಆಚೆ ಬದಿಗೆ ಬಿದ್ದರು. ನಮಗೆ ಕಂಡದ್ದು ಕಾಲು ಮಾತ್ರ. ಎಲ್ಲರೂ ನಕ್ಕೆವು. ನಾನಂತೂ, "ಸಾಕು ಭಾವ, ಏಳಿ ಮಾರಾಯ್ರೆ, ಇವತ್ತು ಕ್ಯಾಮೆರಾ ಇಲ್ಲ!" ಎಂದು ಕೂಗಿ, ಲೋಟದ ಚಹಾ ಪೂರ್ತಿ ಕುಡಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಫೋರ್‌ಮನ್ ಹೋಗಿ ನೋಡಿದಾಗ ಭಾವನ ತಲೆ ಕಾಂಕ್ರೀಟ್ ಬ್ಲಾಕಿನ ಮೇಲಿತ್ತು. ಇನ್ನೂ ಉಸಿರಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದೂ ಹೋಯಿತು. ಸ್ವಲ್ಪ ಮೊದಲೇ ತರಬೇಕಿತ್ತು ಎಂದರು ಡಾಕ್ಟರು.

ಸುದ್ದಿ ತಿಳಿದು ಮುದುಕ ನಮ್ಮ ಕ್ಯಾಂಪಿಗೆ ಬಂದ. ಕೆಲಸಗಾರರೆಲ್ಲ ಸುತ್ತ ನಿಂತಿದ್ದರು.

"ಅವತ್ತು ನಾನು ಹೇಳಿದ್ದನ್ನು ಇವರಿಗೆ ಹೇಳಿದ್ದೆಯಲ್ಲ?"

"ಹೇಳಿದ್ದೆ, ಸರ್."

"ಹಾಗಾದರೆ ಯಾಕೆ ನಕ್ಕರು? ಕೇಳು ಇವರನ್ನ."

ಎಲ್ಲರೂ ನನ್ನ ಮುಖವನ್ನೇ ನೋಡಿದರು. ಸಾಹೇಬರು ಏನಂತಾರೆ ಎಂದು ಒಬ್ಬ ಹಿಂದಿಯಲ್ಲಿ ಕೇಳಿದ.

"ಅವರಿಗೂ ತುಂಬ ಬೇಸರವಾಗಿದೆಯಂತೆ" ಎಂದೆ.