ಏಡಿಯ ಖರ್ಚು

ಕಾಲುವೆಯ ಏರಿ ಒಡೆದ ಆ ಬೆಳಗನ್ನು ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಹೊರಟರೆ ಧ್ವನಿ ನಡುಗುತ್ತದೆ. ಕೇಳುವವರು ಕಾಲುವೆಯ ಸುದ್ದಿ ಬಿಟ್ಟು ನನ್ನನ್ನು ಸಮಾಧಾನ ಮಾಡತೊಡಗುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ, ನಡೆದದ್ದು ನಡೆದ ಕ್ರಮದಲ್ಲಿ.

ನಾನು ಲಿಂಗಸುಗೂರಿನವಳು. ಕೆಲಸ ಸಿಂಧನೂರಿನಲ್ಲಿ. ಭತ್ತ ಬೆಳೆಯುವ ಹೆಣ್ಣುಮಕ್ಕಳ ಒಂದು ಸಂಘ ಹೊರದೇಶದ ಒಂದು ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡುತ್ತಿದ್ದ ಯೋಜನೆಗೆ ನಾನು ಸಂಯೋಜಕಿ. ಕೆಸರಿನಲ್ಲಿ ನಾಟಿ ಮಾಡುವ ಬದಲು, ಮೊದಲ ಮಳೆಗೆ ಹದವಾದ ಒಣ ನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವುದು, ಇಷ್ಟೇ ಯೋಜನೆ. ನೀರು ಕಡಿಮೆ ಸಾಕು, ಹಾಗಾಗಿ ಕಾಲುವೆಯ ಕೊನೆಯವರಿಗೂ ಬೆಳೆ ಕೈಗೆ ಬರುತ್ತದೆ ಎಂಬ ನಂಬಿಕೆ. ಮೊದಲ ವರ್ಷ ಸಿಂಧನೂರು ತಾಲ್ಲೂಕಿನಲ್ಲಿ ಒಂದೇ ಹೊಲ. ಅದು ಗೆದ್ದರೆ ಮರುವರ್ಷ ಮಸ್ಕಿ, ಲಿಂಗಸುಗೂರು ಕಡೆಗೂ ಹೋಗುವುದು. ಸೋತರೆ ಅಲ್ಲಿಗೇ ಮುಗಿಯಿತು.

ಆ ಒಂದು ಹೊಲ ಸಂಘದ ಅಧ್ಯಕ್ಷೆಯದು. ವಳಕಮದಿನ್ನಿ ಎಂಬ ಊರಿನವರು, ನನಗಿಂತ ಹಿರಿಯರು. ಗಂಡ ತೀರಿಕೊಂಡ ಮೇಲೆ ತಮ್ಮ ಪಾಲಿನ ಹೊಲವನ್ನು ತಾವೇ ಮಾಡುತ್ತಿದ್ದರು. ಅದು ಮೈದುನನಿಗೆ ಸರಿಬರುತ್ತಿರಲಿಲ್ಲ. ಕೂರಿಗೆ ಭತ್ತದ ಸುದ್ದಿ ಕೇಳಿದ ಮೇಲೆ ಅವನು ನಾಲ್ಕು ಮಂದಿಯ ಎದುರು ಮಾತು ತೆಗೆದಿದ್ದ. ಈ ಬೆಳೆ ಕೆಟ್ಟರೆ ಮುಂದಿನ ವರ್ಷದಿಂದ ಹೊಲ ತಾನೇ ಮಾಡುವುದು, ಅತ್ತಿಗೆ ಮನೆಯಲ್ಲಿ ಕೂಡ್ರುವುದು. ಅಧ್ಯಕ್ಷೆ ಹೂಂ ಅಂದುಬಿಟ್ಟಿದ್ದರು.

ಹೊರದೇಶದಿಂದ ಕೆಲಸದ ವೇಳಾಪಟ್ಟಿ ಬಂತು. ಅದರಲ್ಲಿ ಪ್ರತಿ ಕೆಲಸವೂ ಸೋಮವಾರ ಶುರು.

"ಸೋಮವಾರ ಎತ್ತು ಹೂಡಂಗಿಲ್ರಿ ಅಕ್ಕಾರ," ಅಂದರು ಅಧ್ಯಕ್ಷೆ.

"ನಿಂದು ಟ್ರ್ಯಾಕ್ಟರ್ ಕೂರಿಗಿ ಅಲ್ಲೇನಬೇ?" ಪಕ್ಕದಲ್ಲಿದ್ದ ಸದಸ್ಯೆಯೊಬ್ಬಳು ಕೆಣಕಿದಳು.

"ಆಗ್ಲಿ. ಅದೂ ದುಡಿಯಾದಲ್ಲೇನು? ಅದಕ್ಕೂ ಒಂದಿನ ಬಿಡುವಿರಲಿ."

ನಾನು ಇದ್ದದ್ದು ಇದ್ದಂತೆ ಬರೆದು ಕಳಿಸಿದೆ. ವಿಶ್ವವಿದ್ಯಾಲಯದ ಕಡೆಯಿಂದ ಯೋಜನೆ ನೋಡಿಕೊಳ್ಳುತ್ತಿದ್ದ ಅಧಿಕಾರಿಣಿ ಎಲ್ಲವನ್ನೂ ಗುರುವಾರಕ್ಕೆ ಸರಿಸಿದರು. ವಾದಿಸಲಿಲ್ಲ. ಖರ್ಚಿನ ಅಂದಾಜೂ ಹೀಗೇ ಎರಡು ಸಲ ಹೋಗಿ ಬಂದು ಒಪ್ಪಿಗೆಯಾಯಿತು. ಉಳಿದದ್ದು ಒಂದೇ ಹಾಳೆ. ಯೋಜನೆಯಲ್ಲಿ ಏನೇನು ಕೆಡಬಹುದು, ಕೆಟ್ಟರೆ ಯಾರು ಏನು ಮಾಡಬೇಕು ಎಂಬ ಹಾಳೆ.

ಅದನ್ನು ತುಂಬಿಸಲೆಂದೇ ಅಧಿಕಾರಿಣಿ ಸಿಂಧನೂರಿಗೆ ಬಂದರು. ವಳಕಮದಿನ್ನಿ, ಮುಕ್ಕುಂದ, ಗೊರೇಬಾಳದ ಸದಸ್ಯೆಯರು ಸಂಘದ ಕೋಣೆಯಲ್ಲಿ ಸೇರಿದ್ದರು. ಅಧಿಕಾರಿಣಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ: ಈ ಬಿತ್ತನೆಗೆ ಏನೇನು ತೊಂದರೆ ಬರಬಹುದು?

"ಏನೂ ಆಗಂಗಿಲ್ರಿ, ದೇವ್ರು ಅದಾನ," ಅಂದಳು ಒಬ್ಬಳು.

ಇನ್ನೊಮ್ಮೆ ಕೇಳಿದೆ. ಮುಕ್ಕುಂದದ ಒಬ್ಬ ಹೆಂಗಸು ನನ್ನನ್ನೇ ಗದರಿದಳು. "ಬಿತ್ತಾಕ ಹೊಂಟಾಗ ಕೆಟ್ಟದ್ದು ಬಾಯಾಗ ತರಬಾರದ್ರಿ ಅಕ್ಕಾರ. ಇಷ್ಟು ಓದೀರಿ, ಇದು ತಿಳಿಯಂಗಿಲ್ಲೇನು?"

ತಿಳಿಯದೆ ಏನು. ನಮ್ಮ ಮನೆಯಲ್ಲಿ ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಸಹ ಕೇಳುವುದಿಲ್ಲ. ಆದರೆ ಅಧಿಕಾರಿಣಿಯ ತೊಂದರೆಯೂ ನಿಜವೇ ಆಗಿತ್ತು. "ಹಾಳೆ ಖಾಲಿ ಹೋದರೆ ನೀವು ಏನೋ ಮುಚ್ಚಿಟ್ಟಿದ್ದೀರಿ ಎಂದು ನಮ್ಮ ಸಮಿತಿ ತಿಳಿಯುತ್ತದೆ. ಬಿತ್ತನೆಯ ಹಣ ಬಿಡುಗಡೆಯಾಗುವುದಿಲ್ಲ," ಎಂದರು. ಮೊದಲ ಮಳೆ ಆಗಲೇ ಬಿದ್ದಿತ್ತು. ನೆಲದ ಹದ ಸಮಿತಿಗಾಗಿ ಕಾಯುವುದಿಲ್ಲ. ಅಧ್ಯಕ್ಷೆ ಕಿಟಕಿಯ ಹೊರಗೆ ಬಿಸಿಲು ನೋಡುತ್ತ ಕುಳಿತಿದ್ದರು.

ಬೇರೆ ದಾರಿ ಕಾಣದೆ ಚಹಾಕ್ಕೆ ಬಿಟ್ಟೆವು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂತು. ತಿನ್ನುತ್ತ ಗೊರೇಬಾಳದವಳೊಬ್ಬಳು ವಳಕಮದಿನ್ನಿಯವರನ್ನು ಕೆಣಕಿದಳು.

"ನಿಮ್ಮೂರ ಕಾಲುವಿ ಏರಿ ನೋಡೀನಿ ಬಿಡಬೇ. ಏಡಿ ಕೊರದು ಕೊರದು ಜರಡಿ ಮಾಡ್ಯಾವ. ನೀರು ಬಿಟ್ರ ಏರಿ ಇರತೈತೋ ಇಲ್ಲೋ."

"ನಿಮ್ಮೂರಾಗ ಏರಿ ಗಟ್ಟಿ ಐತಿ ಖರೆ, ಮಾತು ಗಟ್ಟಿ ಇಲ್ಲ. ಕೂರಿಗಿ ನಮಗಂತ ಹೇಳಿ, ನಾಕು ರೂಪಾಯಿ ಹೆಚ್ಚಿಗಿ ಕೊಟ್ಟವ್ರ ಹೊಲಕ್ಕ ಕಳಸ್ತೀರಿ," ಅಂದಳು ವಳಕಮದಿನ್ನಿಯವಳೊಬ್ಬಳು.

"ಇಬ್ರೂ ಸುಮ್ಕಿರ್ರಿ," ಅಂದಳು ಮುಕ್ಕುಂದದವಳು. "ನಿಮ್ಮಿಬ್ರ ಹೊಲದಾಗೂ ಭತ್ತಕ್ಕಿಂತ ಕಸ ಮೊದ್ಲ ತಲಿ ಎತ್ತತೈತಿ."

"ನಿಮ್ಮೂರಾಗ ಕಸಾನೂ ಉಳಿಯಂಗಿಲ್ಲ, ಹಂದಿ ಬಿಟ್ರಲ್ಲೇನು," ಅಂದಳು ಗೊರೇಬಾಳದವಳು.

ಕೋಣೆ ತುಂಬ ನಗು. ಏನದು ಎಂದು ಅಧಿಕಾರಿಣಿ ಕೇಳಿದರು. ನಾನು ಒಂದೊಂದೇ ಮಾತನ್ನು ಹೇಳುತ್ತ ಹೋದೆ. ಏಡಿಯ ತೂತು, ಕೈಕೊಡುವ ಕೂರಿಗೆ, ಕಸ, ಹಂದಿ. ಹೇಳುತ್ತಿರುವಾಗಲೇ ನನಗೂ ಹೊಳೆಯಿತು, ಅವರಿಗೂ ಹೊಳೆಯಿತು. ಅವರು ಪ್ಲೇಟು ಕೆಳಗಿಟ್ಟರು.

ಚಹಾ ಮುಗಿದ ಮೇಲೆ ಪ್ರಶ್ನೆ ಬದಲಾಯಿತು. ತಮ್ಮ ಊರಿನ ಬಗ್ಗೆ ಯಾರನ್ನೂ ಕೇಳಲಿಲ್ಲ. ವಳಕಮದಿನ್ನಿಯಲ್ಲಿ ಏನು ಕೆಡಬಹುದು, ಗೊರೇಬಾಳದವರು ಹೇಳಿ. ಕೂರಿಗೆ ಬಾಡಿಗೆಗೆ ಕೊಡುವ ಗೊರೇಬಾಳದಲ್ಲಿ ಏನು ಕೆಡಬಹುದು, ಮುಕ್ಕುಂದದವರು ಹೇಳಿ. ತನ್ನ ಬಿತ್ತನೆಗೆ ಕೆಟ್ಟ ನುಡಿಯುವುದು ಅಪಶಕುನ, ಆದರೆ ಪಕ್ಕದೂರನ್ನು ಆಡಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹಾಳೆ ತುಂಬಿತು. ಹಿಂಬದಿಯೂ ತುಂಬಿತು.

ಕೊನೆಗೆ ಅಧ್ಯಕ್ಷೆ ಕೈ ಎತ್ತಿದರು. "ಅಂದಿರಿ, ನಕ್ಕಿರಿ. ಆತು. ಅಂದದ್ದು ಆದ್ರ ಅಂದವ್ರ ಬಂದು ನಿಲ್ಲಬೇಕು. ಸುಮ್ನ ಅಂದು ಮನಿಗಿ ಹೋಗಂಗಿಲ್ಲ."

ಗೊರೇಬಾಳದವಳು ಮುಖ ಗಂಟಿಕ್ಕಿದಳು. "ಏರಿ ನಿಮ್ದು, ಏಡಿ ನಿಮ್ದು, ನಾವ್ಯಾಕ ಬರೂನು?"

"ನಾಲಿಗಿ ನಿಂದಲ್ಲೇನು?"

ಅವಳು ಒಪ್ಪಿದಳು. ಹಾಗಾಗಿ ಯಾರು ಏನು ಮಾಡಬೇಕು ಎಂಬ ಜಾಗದಲ್ಲಿ ತೊಂದರೆಯನ್ನು ಹೇಳಿದ ಊರಿನ ಹೆಸರೇ ಬಂತು. ಊಟ-ವಸತಿಯ ಬಾಬಿನಿಂದ ಸ್ವಲ್ಪ ತೆಗೆದು ಮರಳುಚೀಲಕ್ಕೂ ಟ್ರ್ಯಾಕ್ಟರ್ ಬಾಡಿಗೆಗೂ ಇಟ್ಟೆವು. ಅದಕ್ಕೆ ನಾನು ಕೊಟ್ಟ ಹೆಸರು ಏಡಿಯ ಖರ್ಚು. ಆ ದೇಶದ ಲೆಕ್ಕಪತ್ರ ವಿಭಾಗದವರು, ಸಭೆಯ ಊಟಕ್ಕೆ ಏಡಿ ಬಡಿಸುತ್ತೀರಾ ಎಂದು ಕೇಳಿದರಂತೆ. ಅಧಿಕಾರಿಣಿ ವಿವರಿಸಿದ ಮೇಲೆ ಹಣ ಬಂತು. ನೆಲದ ಹದ ಆರುವ ಮೊದಲೇ, ಒಂದು ಗುರುವಾರ, ಬಿತ್ತನೆ ಮುಗಿಯಿತು.

ಸಸಿ ಒಂದು ಬೆರಳೆತ್ತರ ಎದ್ದಿದ್ದಾಗ ಕಾಲುವೆಗೆ ನೀರು ಬಿಟ್ಟರು. ಅದಾದ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ನಾನು ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮಸ್ಕಿ ದಾಟುತ್ತಿದ್ದಂತೆ ಫೋನು ಬಂತು. ಅಧ್ಯಕ್ಷೆ. "ಏರಿ ಕುಸಿಯಾಕತ್ತೈತ್ರಿ ಅಕ್ಕಾರ. ಎಲ್ಲಾರಿಗೂ ಹೇಳೀನಿ. ನೀವೂ ಬರ್ರಿ." ಅಷ್ಟೇ.

ಸಿಂಧನೂರಿನಲ್ಲಿ ಇಳಿದು ಆಟೋ ಹಿಡಿದು ಹೋದೆ. ನಾನು ಕಂಡದ್ದು ಇದು. ಹೊಲಕ್ಕೆ ಹೋಗುವ ಕಿರುಗಾಲುವೆಯ ಏರಿಯಲ್ಲಿ ಒಂದು ಬಂಡಿ ಹಾಯುವಷ್ಟು ಬಾಯಿ ಬಿದ್ದಿತ್ತು. ಅಂಚಿನ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ನೀರಿಗೆ ಬೀಳುತ್ತಿತ್ತು. ಕೆಳಗೆ ಹಸಿರು ಸಾಲುಗಳು, ಮೇಲಿನ ಅಂಚಿನ ಸಾಲುಗಳ ಮೇಲೆ ಆಗಲೇ ರಾಡಿ. ಅಧ್ಯಕ್ಷೆ ಆ ಬಾಯಿಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು, ಒಂದು ಮರಳುಚೀಲವನ್ನು ಬೆನ್ನಿನಿಂದ ಒತ್ತಿ ಹಿಡಿದಿದ್ದರು. ಅವರ ಊರಿನ ಹೆಂಗಸರು ಇನ್ನೊಂದು ಚೀಲ ಕೊಡುತ್ತಿದ್ದರು. ಅದನ್ನು ಹಿಡಿಯಲು ಅವರು ತಿರುಗಿದರು. ಕಾಲ ಕೆಳಗಿನ ಮಣ್ಣು ಜಾರಿತು. ಅವರು ಮುಳುಗಿದರು.

ನೀರಿನ ಮೇಲೆ ಸೀರೆಯ ಸೆರಗು ಮಾತ್ರ ಕಾಣುತ್ತಿತ್ತು. ಕೆಂಪಂಚಿನ ಹಸಿರು ಸೀರೆ. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಹೆಚ್ಚು ಹೊತ್ತಲ್ಲ ಎಂದು ಅಲ್ಲಿದ್ದವರು ಹೇಳುತ್ತಾರೆ.

ಗೊರೇಬಾಳದವರು ಬೈಕುಗಳಲ್ಲಿ ಬಂದದ್ದು ಆಗಲೇ, ಹಿಂದೆ ಚೀಲ ತುಂಬಿದ ಟ್ರ್ಯಾಕ್ಟರ್. ಏಡಿಯ ಮಾತಾಡಿದ್ದ ಅದೇ ಹೆಂಗಸು ಚಪ್ಪಲಿ ಸಮೇತ ನೀರಿಗಿಳಿದು ಸೆರಗನ್ನು, ಆಮೇಲೆ ರಟ್ಟೆಯನ್ನು ಹಿಡಿದು ಎಳೆದಳು. ಅಧ್ಯಕ್ಷೆ ಕೆಮ್ಮಿ ನೀರು ಕಾರಿದರು. ಅಷ್ಟರಲ್ಲಿ ಮೇಲಿನ ತೂಬು ಇಳಿಸಿದ್ದರಿಂದ ನೀರಿನ ಸೆಳೆತ ತಗ್ಗಿತು. ತೂಬು ನೋಡಿಕೊಳ್ಳುವವನಿಗೆ ಮೊದಲು ಫೋನು ಮಾಡಬೇಕೆಂಬುದೂ ಆ ಹಾಳೆಯಲ್ಲಿತ್ತು.

"ಹೇಳಿದ್ನಿಲ್ಲ, ಜರಡಿ ಆಗೈತಂತ," ಅಂದಳು ಗೊರೇಬಾಳದವಳು, ಏದುಸಿರು ಬಿಡುತ್ತ.

"ಹೇಳಿದ್ದಿ. ಅದಕ್ಕ ಬಂದಿ. ಚೀಲ ಹಿಡಿ."

ಮಧ್ಯಾಹ್ನದ ಹೊತ್ತಿಗೆ ಬಾಯಿ ಮುಚ್ಚಿತು. ಅಂಚಿನ ಕೆಲವು ಸಾಲು ರಾಡಿಯಡಿ ಹೋದವು. ಉಳಿದ ಹೊಲ ನಿಂತಿತು.

ಸಮಿತಿಗೆ ನಾನು ಬರೆದ ವರದಿ ಚಿಕ್ಕದು. ಅದನ್ನು ಓದಿದ ಅಧಿಕಾರಿಣಿ ಫೋನು ಮಾಡಿ ಮೊದಲು ಕೇಳಿದ್ದು ಅಧ್ಯಕ್ಷೆಯ ಆರೋಗ್ಯ. ಈಗ ಅವರ ಬೇರೆ ದೇಶದ ಯೋಜನೆಗಳಲ್ಲೂ ಅಪಾಯದ ಹಾಳೆಯನ್ನು ನೆರೆಯವರಿಂದ ತುಂಬಿಸುತ್ತಾರಂತೆ. ಇದನ್ನು ನಾನು ಸಂಘದಲ್ಲಿ ಹೇಳಿದ ದಿನ ಮೂರೂ ಊರಿನವರು ಅದು ತಮ್ಮಿಂದಲೇ ಆದದ್ದೆಂದು ಜಗಳವಾಡಿದರು. ನನಗೆ ಹೆಮ್ಮೆಯಾಯಿತು. ಆ ಜಗಳ ನಿಲ್ಲಿಸಲು ನಾನು ಹೋಗಲಿಲ್ಲ.

ಸುಗ್ಗಿಯಲ್ಲಿ ಭತ್ತವನ್ನು ಟ್ರಾಲಿಗೆ ತುಂಬಿ ಸಿಂಧನೂರಿಗೆ ತಂದರು. ಚೀಲಗಳ ಮೇಲೆ ಅಧ್ಯಕ್ಷೆ ಕುಳಿತಿದ್ದರು, ಅವರ ಪಕ್ಕದಲ್ಲಿ ನಾನು. ಟ್ರ್ಯಾಕ್ಟರ್ ನಡೆಸುತ್ತಿದ್ದವನು ಮೈದುನ. ರಸ್ತೆಯ ಪಕ್ಕದ ಚಹಾ ಅಂಗಡಿಯ ಮುಂದೆ ಯಾರೋ ಅವನನ್ನು ತಡೆದು ಕೇಳಿದರು.

"ಭಾರಿ ಕಾಳು ಐತಲ್ಲಲೇ. ನಿಂದೇನು?"

ಅವನು ಒಮ್ಮೆ ಹಿಂದಿನ ಟ್ರಾಲಿಯತ್ತ ತಿರುಗಿ ನೋಡಿದ.

"ಅಲ್ಲ, ನಮ್ಮತ್ತಿಗೀದು," ಅಂದ. "ಹೊಲ ಆಕೀದು."

ಅಧ್ಯಕ್ಷೆ ಸೆರಗು ಸರಿಮಾಡಿಕೊಂಡು, ಚೀಲದ ಮೇಲೆ ಇನ್ನಷ್ಟು ನೆಟ್ಟಗೆ ಕುಳಿತರು.