ಕಂಬಳಿ ಹಾಸಿದ ಸೀಟು

ಸೈಕಲ್ಲಿನ ಸೀಟು ಒತ್ತುತ್ತದೆ ಎಂದು ಗಂಡಸು ಹೇಳಿದರೆ ಅಂಗಡಿಯವನು ಬೇರೆ ಸೀಟು ತೆಗೆದು ತೋರಿಸುತ್ತಾನೆ. ಹೆಂಗಸು ಬಾಯಿಬಿಡುವಂತಿಲ್ಲ. ಎಲ್ಲಿ ಒತ್ತುತ್ತದೆ ಎಂದು ಅವನು ಕೇಳಿಬಿಟ್ಟರೆ? ಸುಂದ್ರಮ್ಮ ಅದಕ್ಕೇ ಹಲ್ಲು ಕಚ್ಚಿಕೊಂಡು ಸೈಕಲ್ ತುಳಿಯುತ್ತಿದ್ದಳು.

ಇದು ಐವತ್ತರ ದಶಕದ ನಡುವಿನ ಮಾತು. ಸುಂದ್ರಮ್ಮ ಚಂದಕವಾಡಿ ಕಡೆಯವಳು, ಕೂಲಿ ಮಾಡುವ ರಾಚಯ್ಯನ ಮಗಳು. ಅವರ ಕೇರಿ ಊರಿನಿಂದ ಆಚೆಗಿತ್ತು ಎಂದರೆ ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮೈಸೂರಿನಲ್ಲಿ ಹೆರಿಗೆ ಕೆಲಸ ಕಲಿತು, ಸರ್ಕಾರಿ ಸಂಬಳದ ನರ್ಸಮ್ಮನಾಗಿ ನಮ್ಮ ತೆರಕಣಾಂಬಿಗೆ ಬಂದು, ನಮ್ಮ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳನ್ನು ಇಟ್ಟುಕೊಂಡದ್ದಕ್ಕೆ ನಮ್ಮವ್ವ ಊರಿನಿಂದ ಸಾಕಷ್ಟು ಕೇಳಿಸಿಕೊಂಡಳು, ಕಿವಿಗೆ ಹಾಕಿಕೊಳ್ಳಲಿಲ್ಲ.

ಸೈಕಲ್ಲು ಚಾಮರಾಜನಗರದಲ್ಲಿ ಸ್ಕೂಲು ಮೇಡಂ ಒಬ್ಬರಿಂದ ಹಳೆಯದನ್ನೇ ಕೊಂಡದ್ದು. ಮೇಡಂ ಭಾರೀ ಆಸಾಮಿ. ಚರ್ಮದ ಸೀಟು ವರ್ಷಗಟ್ಟಲೆ ಅವರ ಭಾರ ಹೊತ್ತು ಅವರ ಅಳತೆಗೇ ತಗ್ಗು ಬಿದ್ದಿತ್ತು. ಕಡ್ಡಿಯಂತಿದ್ದ ಸುಂದ್ರಮ್ಮ ಅದರ ಮೇಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜಾರುತ್ತಿದ್ದಳು. ಸೈಕಲ್ ಶಾಪಿನ ಪುಟ್ಟಮಾದು ಗುಂಡ್ಲುಪೇಟೆಯಿಂದ ಹೊಸ ಚರ್ಮದ ಸೀಟು ತರಿಸಿ ಹಾಕಿದ. ಅಲ್ಲಿಗೆ ಅವಳ ಕಷ್ಟ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡವಳು ಗುರುಮಲ್ಲಮ್ಮ.

ಗುರುಮಲ್ಲಮ್ಮ ಗುಂಡ್ಲುಪೇಟೆ ದಾರಿಯ ಒಂದು ಹಳ್ಳಿಯಲ್ಲಿ ದೊಡ್ಡ ಮನೆಯ ಯಜಮಾನಿ. ಲಿಂಗ ಕಟ್ಟಿದ ಮನೆ. ಹೆರಿಗೆಯ ಸೂತಕ ನಮಗಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು. ಸೂತಕವಿಲ್ಲ, ಸರಿ. ಆದರೆ ಸುಂದ್ರಮ್ಮ ಮೊದಲ ಸಲ ಆ ಮನೆಗೆ ಹೋದಾಗ ಗುರುಮಲ್ಲಮ್ಮ ಬಾಗಿಲಿಗೆ ಅಡ್ಡ ನಿಂತು, "ಚಪ್ಲಿಯಾದ್ರೆ ಆಚೇಲಿ ಬುಡ್ತೀಯ. ತೊಗ್ಲು ಸೀಟ್ ಮ್ಯಾಲೆ ಕುಂತ ಸೀರೇನ ಎಲ್ಲಿ ಬುಟ್ಟೀಯೇ? ಕಂಬ್ಳಿ ಆಸ್ಕೊಂಡು ಬಾ, ಕಂಬ್ಳಿಗೆ ಮೈಲ್ಗೆ ಇಲ್ಲ," ಎಂದಿದ್ದಳು. ಮಾತು ಹರಡಿತು. ಸುತ್ತಲ ದೊಡ್ಡ ಮನೆಗಳೆಲ್ಲ ಅದನ್ನೇ ಕಾನೂನು ಮಾಡಿಕೊಂಡವು. ಆ ಮನೆಗಳ ಗಂಡಸರು ಅಂಥದೇ ಸೀಟಿನ ಮೇಲೆ ಕೂತು ಸಂತೆಗೆ ಹೋಗಿಬಂದು ನೇರ ನಡುಮನೆಗೆ ನುಗ್ಗುತ್ತಿದ್ದರು, ಅವರನ್ನು ಯಾರೂ ತಡೆಯಲಿಲ್ಲ. ಅಡ್ಡಿ ಇದ್ದದ್ದು ಸೀಟಿನ ಚರ್ಮಕ್ಕಲ್ಲ ಎಂದು ಸುಂದ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಳಗೆ ನರಳುವ ಹೆಂಗಸರ ಮುಖ ನೋಡಿ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಸಿಕೊಂಡಳು.

ಅವತ್ತಿನಿಂದ ತೊಡೆ ಸಂದಿಯಲ್ಲಿ ಹುಣ್ಣು. ಮಾಯುವಷ್ಟರಲ್ಲಿ ಇನ್ನೊಂದು ಕರೆ, ಇನ್ನೊಂದು ಹುಣ್ಣು. ನಮ್ಮವ್ವ ಕೊಬ್ಬರಿ ಎಣ್ಣೆ ಕಾಯಿಸಿ ಕೊಡುತ್ತಿದ್ದಳು, ಬೈಗುಳವನ್ನೂ ಸೇರಿಸಿ. ಪುಟ್ಟಮಾದುವಿಗೆ ಸುಂದ್ರಮ್ಮ ಬಹಳ ಸಂಕೋಚದಿಂದ, "ಸೀಟು ಸ್ವಲ್ಪ ಗಟ್ಟಿ ಕಣಣ್ಣ," ಎಂದಷ್ಟೇ ಹೇಳಿದಳು.

"ಮೆತ್ತಗಿದ್ರೆ ನೋಯಾಕಿಲ್ಲ ಕಣವ್ವ, ಇನ್ನೊಂದು ಮಡಿಕೆ ಆಕು," ಎಂದ ಆ ಪುಣ್ಯಾತ್ಮ. ಕಂಬಳಿಯ ಕೆಳಗೆ ಇರಲಿ ಎಂದು ಹತ್ತಿಯ ದಿಂಬನ್ನೂ ಹೊಲಿಸಿಕೊಟ್ಟ. ಸೀಟು ಎತ್ತರವಾಯಿತು, ಕಾಲು ಪೆಡಲಿಗೆ ಸರಿಯಾಗಿ ನಿಲುಕದೆ ಹೋಯಿತು. ಪ್ರತಿ ತುಳಿತಕ್ಕೂ ಸೊಂಟ ವಾಲಬೇಕು, ವಾಲಿದಷ್ಟೂ ಕಂಬಳಿ ಉಜ್ಜಬೇಕು. ಹುಣ್ಣು ಹೆಚ್ಚಾಯಿತು.

ಒಂದು ದಿನ ಆಚೆ ಹಳ್ಳಿಯೊಂದಕ್ಕೆ ಹೊರಟವಳು ನೋವು ತಡೆಯಲಾರದೆ ಅರ್ಧ ದಾರಿಯಲ್ಲಿ ಇಳಿದು, ಸೈಕಲ್ಲು ತಳ್ಳಿಕೊಂಡು ನಡೆದಳು. ಅವಳು ಮುಟ್ಟುವ ಹೊತ್ತಿಗೆ ಕೂಸು ಹೋಗಿತ್ತು. ಬೇಗ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಅವಳು ಮಾತ್ರ ಉಳಿಯುತ್ತಿತ್ತು ಎಂದೇ ನಂಬಿದಳು. ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಮೇಲೆ ದಾರಿಯಲ್ಲಿ ಇಳಿಯುವುದಿಲ್ಲ ಎಂದು ನಮ್ಮವ್ವನ ಮುಂದೆ ಹೇಳಿದಳು.

ಅದಾದ ಮೇಲೆ ಒಂದು ಮಧ್ಯಾಹ್ನ ಗುರುಮಲ್ಲಮ್ಮನ ಮಗ ಸಿದ್ದಮಲ್ಲಪ್ಪ ಗಾಡಿ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದ. ಎತ್ತುಗಳ ಬಾಯಲ್ಲಿ ನೊರೆ.

"ನರ್ಸಮ್ಮ, ಬಿರ್ರನೆ ಹೊರಡಿ. ಪುಟ್ಟಬಸಮ್ಮಂಗೆ ಬೆಳಗಿಂದ್ಲೂ ಬ್ಯಾನೆ. ಕೂಸಿನ ಕಾಲು ಮುಂದಾಗಿ ಬಂದದಂತೆ, ಊರ ಸೂಲಗಿತ್ತಿ ಕೈಚೆಲ್ಲಿ ಕುಂತವ್ಳೆ."

ಪುಟ್ಟಬಸಮ್ಮ ಅವನ ಹೆಂಡತಿ. ಚೊಚ್ಚಲು ಕೂಸನ್ನು ಆಗಲೇ ಕಳೆದುಕೊಂಡಿದ್ದವಳು. ಸುಂದ್ರಮ್ಮನಿಗೆ ಅವತ್ತು ಹುಣ್ಣು ಹಸಿಯಾಗಿತ್ತು, ಕೂರುವುದಿರಲಿ ನಿಂತರೂ ಉರಿ. "ಗಾಡೀಲಿ ಹೋಗೇ," ಎಂದಳು ನಮ್ಮವ್ವ. ದಣಿದ ಎತ್ತುಗಳನ್ನು ನೋಡಿ ಸುಂದ್ರಮ್ಮ ತಲೆಯಾಡಿಸಿದಳು. "ನೀವು ಹಿಂದೆ ಬನ್ನಿ ಬುದ್ಧಿ, ನಾನು ಮುಂದೆ ಹೋಯ್ತೀನಿ," ಎಂದು ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿ ಹೊರಟಳು.

ಜಲ್ಲಿ ಎದ್ದ ರಸ್ತೆ. ಮೋಡ ಕವಿಯುತ್ತಿತ್ತು. ಊರು ದಾಟುವಷ್ಟರಲ್ಲೇ ಹುಣ್ಣು ಒಡೆದು ಸೀರೆ ಅಂಟಿಕೊಂಡಿತು. ಇಳಿಯಬಾರದು, ಇಳಿಯಬಾರದು ಎಂದುಕೊಂಡೇ ತುಳಿದಳು. ಇಳಿಜಾರಿನಲ್ಲಿ ಕಂಬಳಿ ಹಿಂದಕ್ಕೆ ಜಾರಿ ಅದರ ಮೂಲೆ ಚಕ್ರಕ್ಕೆ ಸಿಕ್ಕಿತು. ಸೈಕಲ್ಲು ಗಕ್ಕನೆ ನಿಂತು, ಅವಳು ರಸ್ತೆಗೆ ಬಿದ್ದಳು. ಮೊಣಕೈ ತರಚಿತು. ಚೀಲ ಬಿಚ್ಚಿ ನೋಡಿದಳು, ಔಷಧಿ ಶೀಶೆ ಒಡೆದಿರಲಿಲ್ಲ. ಕಂಬಳಿ ಮಾತ್ರ ಕಡ್ಡಿಗಳಿಗೆ ಸುತ್ತಿಕೊಂಡು ಕೂತಿತ್ತು. ಎಳೆದಳು, ಬರಲಿಲ್ಲ. ಕೊನೆಗೆ ಹೊಕ್ಕುಳಬಳ್ಳಿ ಕೊಯ್ಯುವ ಕತ್ತರಿಯಿಂದಲೇ ಅದನ್ನು ಕತ್ತರಿಸಿ, ದಿಂಬನ್ನೂ ಕಿತ್ತು, ಎರಡನ್ನೂ ಕಳ್ಳಿ ಬೇಲಿಯ ಮೇಲೆ ಎಸೆದಳು. ಕತ್ತರಿ ಮತ್ತೆ ಕುದಿಸಬೇಕಾಯಿತಲ್ಲ ಎಂದು ಅಳು ಬಂತು.

ಬರಿಯ ಚರ್ಮದ ಮೇಲೆ ಕೂತು ತುಳಿಯತೊಡಗಿದಳು. ಸ್ವಲ್ಪ ದೂರ ಹೋದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹುಣ್ಣಿನ ಉರಿ ಇತ್ತು, ಆದರೆ ಹೊಸದಾಗಿ ಉಜ್ಜುವುದು ನಿಂತಿತ್ತು. ಪಾದ ಪೆಡಲಿನ ಮೇಲೆ ಪೂರ್ತಿ ಕೂತಿತ್ತು, ಸೊಂಟ ವಾಲುತ್ತಿರಲಿಲ್ಲ. ಇಷ್ಟು ಕಾಲ ತನ್ನ ಮೈ ತಿಂದದ್ದು ಸೀಟಲ್ಲ, ಆ ಕಂಬಳಿ! ಹೋದ ಕೂಸು ನೆನಪಾಗಿ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲೇ ತುಳಿದಳು.

ಹಳ್ಳಿಯ ಮನೆಗಳು ಕಂಡಾಗ ಸಿಟ್ಟು ಇಳಿದು ಭಯ ಹತ್ತಿತು. ಬಾಗಿಲಲ್ಲಿ ತಡೆದರೆ? ಯಾರ ಮನೆಯಲ್ಲಾದರೂ ಒಂದು ಕಂಬಳಿ ಕೇಳಿ ಹಾಸಿಕೊಳ್ಳಲೇ ಎಂದುಕೊಂಡಳು. ಅಷ್ಟರಲ್ಲಿ ಪುಟ್ಟಬಸಮ್ಮನ ಕೂಗು ಬೀದಿಗೇ ಕೇಳಿಸಿತು.

ಗುರುಮಲ್ಲಮ್ಮ ಹೊಸಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ಸೀಟಿಗೆ.

"ಕಂಬ್ಳಿ ಎಲ್ಲೇ?"

"ಬೇಲಿ ಮೇಲೆ ಎಸೆದೆ, ಅಮ್ಮೋರೆ. ತೊಗಲಿನ ಮೇಲೇ ಕೂತು ಬಂದೆ." ಸುಂದ್ರಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ ಚೀಲ ಬಿಚ್ಚಿಕೊಂಡಳು. "ಕಂಬಳಿ ಹಾಸಿಕೊಂಡಿದ್ರೆ ಇನ್ನೂ ದಾರೀಲೇ ಇರ್ತಿದ್ದೆ. ಒಳಗೆ ಬರಲಾ, ವಾಪಸ್ ಹೋಗಲಾ? ಹೇಳಿಬಿಡಿ."

ಗುರುಮಲ್ಲಮ್ಮ ಸುಂದ್ರಮ್ಮನ ಮೊಣಕೈಯಿಂದ ಇಳಿಯುತ್ತಿದ್ದ ರಕ್ತ ನೋಡಿದಳು, ಸೀರೆಯ ಹಿಂಬದಿಯ ಕಲೆ ನೋಡಿದಳು. ಒಳಗೆ ಸೊಸೆ ಮತ್ತೆ ಕೂಗಿದಳು. ಮುದುಕಿ ಬಾಗಿಲು ಬಿಟ್ಟು ಸರಿದಳು.

ಕತ್ತರಿ ಕುದಿಯಿತು. ಒಳಗೆ ಏನೇನು ನಡೆಯಿತೋ ಸುಂದ್ರಮ್ಮ ಯಾವತ್ತೂ ಬಿಡಿಸಿ ಹೇಳಲಿಲ್ಲ. ಕೂಸು ನೀಲಿಗಟ್ಟಿ ಬಂತು, ಬೆನ್ನು ತಟ್ಟಿದರೂ ಅಳಲಿಲ್ಲ, ಬಾಯಿಗೆ ಬಾಯಿಟ್ಟು ಉಸಿರು ಊದಿದೆ ಎಂದಷ್ಟು ಹೇಳಿದಳು. ಅಳು ಕೇಳಿಸಿದಾಗ ಹೊರಗೆ ಮಳೆ ಶುರುವಾಗಿತ್ತಂತೆ. ಹೆಣ್ಣು ಕೂಸು.

ಮಳೆ ನಿಂತ ಮೇಲೆ ಸುಂದ್ರಮ್ಮ ಹೊರಟಳು. ಆ ಮನೆಯಲ್ಲಿ ಅವಳಿಗೆ ಸಲ್ಲುವ ಅಕ್ಕಿ, ತೆಂಗಿನಕಾಯಿಯನ್ನು ಮೊರದಲ್ಲಿಟ್ಟು ಜಗುಲಿಯ ಕೆಳಗೆ ಇಡುವುದು ವಾಡಿಕೆ. ಅವಳೇ ಬಗ್ಗಿ ಎತ್ತಿಕೊಳ್ಳಬೇಕು. ಅವತ್ತು ಕೆಳಗೆ ಮೊರ ಇರಲಿಲ್ಲ. ಗುರುಮಲ್ಲಮ್ಮ ಅದನ್ನು ಕಂಕುಳಲ್ಲಿ ಅವುಚಿಕೊಂಡು ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ತನ್ನ ಸೆರಗು ಹಿಡಿದು ಸೀಟಿನ ಮೇಲಿನ ಮಳೆ ನೀರು ಒರೆಸುತ್ತಿದ್ದಳು. ಸೀಟಿನ ಚೂಪು ತುದಿ ಒರೆಸಿ, ಕೆಳಗಿನ ಸ್ಪ್ರಿಂಗನ್ನೂ ಒರೆಸಿದಳು.

"ಒದ್ದೆ ಮ್ಯಾಲೆ ಕೂರ್ಬ್ಯಾಡ ಕಣಮ್ಮಿ, ಗಾಯ ಅದೆ," ಎಂದಳು.

ಸುಂದ್ರಮ್ಮ ಹೋದ ಮೇಲೆ ಮುದುಕಿ ತಲೆಗೆ ನೀರು ಹಾಕಿಕೊಂಡಳು ಎಂದು ಆಮೇಲೆ ಯಾರೋ ಬಂದು ನಮ್ಮವ್ವನಿಗೆ ಹೇಳಿದರು. ಹಾಕಿಕೊಳ್ಳಲಿ ಬಿಡಿ. ಸುಂದ್ರಮ್ಮ ಅವತ್ತು ಎಲ್ಲೂ ಇಳಿಯದೆ ಮನೆಗೆ ಬಂದಳು, ದಾರಿಯಲ್ಲಿ ಕಳ್ಳಿ ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲ.