ಖಾಲಿ ಬರದ ಡಬ್ಬಿ

"ನಿಲ್ರಿ ಅಕ್ಕಾರ, ಖಾಲಿ ಡಬ್ಬಿ ಒಯ್ಯಬ್ಯಾಡ್ರಿ" ಎಂದು ಪಕ್ಕದ ಮನೆಯ ಬಸವರಾಜ್ ನನ್ನ ಕೈಯಿಂದ ಡಬ್ಬಿ ಇಸಕೊಂಡು ಅಡುಗೆಮನೆಗೆ ಹೋದರು. ಅವರ ಹೆಂಡತಿ ಸುಜಾತಾ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ನಾನು ತಂದಿದ್ದ ಉಪ್ಪಿಟ್ಟನ್ನು ಅವರ ತಟ್ಟೆಗೆ ಹಾಕಿ ಹೊರಟಿದ್ದೆ.

ಕೊಡಿಗೇಹಳ್ಳಿಯ ನಮ್ಮ ಬಿಲ್ಡಿಂಗಿನಲ್ಲಿ ಡಬ್ಬಿಗಳು ಮನೆಯಿಂದ ಮನೆಗೆ ಓಡಾಡುತ್ತಲೇ ಇರುತ್ತವೆ. ಧಾರವಾಡದ ಕಡೆಯ ಸುಜಾತಾ ಮಾತ್ರ ಯಾರ ಡಬ್ಬಿಯನ್ನೂ ಖಾಲಿ ಕಳಿಸಿದವರಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ, "ರೀಫಿಲ್ ಮಾಡೇನ್ರಿ" ಎಂದು ನಗುತ್ತಿದ್ದರು.

ಒಳಗೆ ಒಂದೊಂದೇ ಡಬ್ಬದ ಮುಚ್ಚಳ ತೆಗೆಯುವ ಸದ್ದು. ಯಾವುದರಲ್ಲಿ ಏನಿದೆಯೋ, ಪಾಪ ಅವರಿಗೆ ಗೊತ್ತಿಲ್ಲ. ಕೊನೆಗೆ ಒಂದು ಗಾಜಿನ ಬಾಟಲಿಯನ್ನು ತಲೆಕೆಳಗು ಮಾಡಿ, ತಟ್ಟಿ ತಟ್ಟಿ ನನ್ನ ಡಬ್ಬಿಗೆ ಸುರಿದು ತಂದರು. ಶೇಂಗಾ ಚಟ್ನಿಪುಡಿ. ಆಸ್ಪತ್ರೆಗೆ ಸೇರುವ ಮುಂಚೆ ಸುಜಾತಾ ಕುಟ್ಟಿಟ್ಟಿದ್ದು.

"ಇದು ಬೇಡ, ನೀವೇ ಇಟ್ಕೊಳ್ಳಿ" ಅಂದೆ.

"ಒಯ್ರಿ. ಖಾಲಿ ಕಳಸಿದ್ರ ಆಕಿಗೆ ಸೇರೂದಿಲ್ಲ."

ಮನೆಗೆ ಬಂದು ಮುಚ್ಚಳ ತೆಗೆದರೆ ಬೆಳ್ಳುಳ್ಳಿಯ ಘಮ. ತಿನ್ನಲು ಮನಸ್ಸು ಬರಲಿಲ್ಲ. ಅವರ ಮನೆಯ ಬಾಟಲಿ ಈಗ ಖಾಲಿ. ಯಾವ ಅಂಗಡಿಯ ಪುಡಿ ತಂದು ಅದನ್ನು ತುಂಬಲಿ?